ಲೈವ್ ಆಲ್ಬಮ್ಮುಗಳ ಹುಚ್ಚು, ಮತ್ತೆ ನಾನು ಕತ್ತರಿಸಿ ಎಸೆದ ನಲವತ್ತು ಸೆಕೆಂಡು

ತುಂಬಾ ದಿನಗಳಿಂದ ಬರೀಬೇಕು ಅಂದುಕೊಂಡಿದ್ದ ವಿಷಯ ಇದು. ಆಫೀಸು, ರಿಲೀಸು, ರಿಲೀಸಾದ ಮಾರನೇ ದಿನ ಅದಕ್ಕೊಂದು ಪ್ಯಾಚು ಅಂತ ಮುಂದಕ್ಕೆ ಹಾಕ್ತಾನೇ ಬಂದೆ. ಮೊನ್ನೆ ಶನಿವಾರ ಕಾಲೇಜಿನ ಗೆಳೆಯನೊಬ್ಬ ಫೋನ್ ಮಾಡಿದ್ದ. "ಲೋ, ಫೈನಲ್ ಇಯರ್‌ನಲ್ಲಿ ನಮ್ಮ ಬ್ಯಾಂಡು ನುಡಿಸಿದ್ದು ರೆಕಾರ್ಡಿಂಗ್ ನಿನ್ ಹತ್ರ ಇದ್ಯೇನೋ?" ಅಂದ. ಇದೆ ಅಂದೆ. "ನೀನು ಎಡಿಟ್ ಮಾಡಿದ್ದಲ್ಲ ಕಣೋ, ಒರಿಜಿನಲ್ಲು" ಅಂದ. ನಾನು ಸುಮ್ಮನಾದೆ. ಆ ಕತೆ ಕೊನೆಗೆ ಹೇಳ್ತೀನಿ. ಮೊದಲು ಜಪಾನಿಗೆ ಹೋಗೋಣ.

ನನಗೆ ಈ ರಾಕ್ ಹುಚ್ಚು ಹಿಡಿಸಿದ್ದು ನಮ್ಮ ಸಣ್ಣಮಾವ. ಅವರ ಹತ್ರ ಬಿಸ್ಕತ್ತಿನ ಡಬ್ಬದ ತುಂಬ ಕ್ಯಾಸೆಟ್ಟುಗಳಿದ್ದವು. ಅಜ್ಜಿಯ ದಾಸರ ಪದಗಳ ಪಕ್ಕದಲ್ಲೇ ಡೀಪ್ ಪರ್ಪಲ್‌ನ 'ಮೇಡ್ ಇನ್ ಜಪಾನ್'. ಕ್ಯಾಸೆಟ್ಟುಗಳ ಕಾಲ ಮುಗಿದು ಎಷ್ಟೋ ವರ್ಷವಾಗಿದ್ದರೂ ಮಾವ ಅದನ್ನು ಎಸೆದಿರಲಿಲ್ಲ. ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಿ, ಮತ್ತೆ ಹಾಕಿ, "ಕೇಳು, ಇದ್ರಲ್ಲಿ ತಪ್ಪಿದ್ರೂ ತಿದ್ದಿಲ್ಲ" ಅನ್ನೋರು. ತಿದ್ದದೇ ಇರೋದು ಯಾಕೆ ದೊಡ್ಡಸ್ತಿಕೆ ಅಂತ ಆಗ ನನಗೆ ಹೊಳೀಲಿಲ್ಲ. ಶಾಲೆಯಲ್ಲಿ ತಿದ್ದದ ಕಾಪಿ ಪುಸ್ತಕಕ್ಕೆ ಏಟು ಬೀಳ್ತಿತ್ತಲ್ಲ :-)

ಆ ಆಲ್ಬಂ ಹುಟ್ಟಿದ್ದೇ ಒಲ್ಲದ ಮನಸ್ಸಿನಿಂದ. 1972ರ ಆಗಸ್ಟ್‌ನಲ್ಲಿ ಡೀಪ್ ಪರ್ಪಲ್ ಮೊದಲ ಸಲ ಜಪಾನಿಗೆ ಹೊರಟಿತ್ತು. ಅಲ್ಲಿನ ರೆಕಾರ್ಡ್ ಕಂಪನಿ ಒಂದು ಲೈವ್ ಆಲ್ಬಂ ಬೇಕೇ ಬೇಕು ಅಂತ ಹಟ ಹಿಡಿಯಿತು. ತಂಡಕ್ಕೆ ಇಷ್ಟವಿರಲಿಲ್ಲ. ಕೊನೆಗೆ, ನಮ್ಮ ಇಂಜಿನಿಯರ್ ಮಾರ್ಟಿನ್ ಬರ್ಚ್ ನಮ್ಮ ಜೊತೆ ಬರ್ತಾನೆ, ಟೇಪು ಹೊರಗೆ ಬರಬೇಕೋ ಬೇಡವೋ ಅನ್ನೋದು ನಮ್ಮ ತೀರ್ಮಾನ ಅಂತ ಷರತ್ತು ಹಾಕಿ ಒಪ್ಪಿಕೊಂಡರು. ಆಗಸ್ಟ್ 15 ಮತ್ತು 16 ಒಸಾಕಾದಲ್ಲಿ, 17 ಟೋಕಿಯೋದ ಬುಡೋಕಾನ್‌ನಲ್ಲಿ. ಮೂರೇ ರಾತ್ರಿ, ಎಂಟು ಟ್ರ್ಯಾಕು. ಇದು ಜಪಾನಿನಲ್ಲಿ ಮಾತ್ರ ಮಾರೋ ಸಣ್ಣ ನೆನಪಿನ ಕಾಣಿಕೆ ಅಂತಲೇ ಅವರ ಲೆಕ್ಕ. ಹೆಸರಲ್ಲೂ ತಮಾಷೆ ಇದೆ. ಆಗಿನ ಪಶ್ಚಿಮದಲ್ಲಿ 'ಮೇಡ್ ಇನ್ ಜಪಾನ್' ಅಂದರೆ ಅಗ್ಗದ ಮಾಲು ಅನ್ನೋ ಮಾತಿನ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ.

ಮಿಕ್ಸಿಂಗಿಗೆ ಬಂದು ಕೂತವರು ಬೇಸ್ ನುಡಿಸೋ ರಾಜರ್ ಗ್ಲೋವರ್ ಮತ್ತು ಡ್ರಮ್ಮರ್ ಇಯಾನ್ ಪೇಯ್ಸ್ ಇಬ್ಬರೇ. ಉಳಿದವರಿಗೆ ಅಷ್ಟು ಅಸಡ್ಡೆ. ಸ್ಟುಡಿಯೋದಲ್ಲಿ ಹೊಸದಾಗಿ ಏನನ್ನೂ ನುಡಿಸಿ ಸೇರಿಸಲಿಲ್ಲ. ಆದರೆ ಕೇಳಿ ನೋಡಿ. 'ಸ್ಟ್ರೇಂಜ್ ಕೈಂಡ್ ಆಫ್ ವುಮನ್'ನಲ್ಲಿ ರಿಚಿ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಒಂದು ತುಣುಕು ಎಸೀತಾನೆ, ಇಯಾನ್ ಗಿಲನ್ ಅದನ್ನೇ ಗಂಟಲಲ್ಲಿ ವಾಪಸ್ ಎಸೀತಾನೆ. ಥೇಟ್ ನಮ್ಮ ಜುಗಲ್‌ಬಂದಿಯ ಸವಾಲ್-ಜವಾಬ್. ಗಿಟಾರು ಮೇಲೆ ಮೇಲೆ ಹೋಗುತ್ತೆ, ಇವನೂ ಬಿಡಲ್ಲ, ಕೊನೆಗೊಂದು ಕಿರುಚು... ಅವನ ಗಂಟಲು ಉಳಿಯುತ್ತೋ ಇಲ್ವೋ ಅನ್ನೋ ಆತಂಕ ಐವತ್ತು ವರ್ಷ ದಾಟಿದ ಮೇಲೂ ನನಗೆ ಆಗುತ್ತೆ. ಸ್ಟುಡಿಯೋದಲ್ಲಿ ನಾಲ್ಕೂವರೆ ನಿಮಿಷ ಇದ್ದ 'ಸ್ಪೇಸ್ ಟ್ರಕ್ಕಿನ್' ಇಲ್ಲಿ ಇಪ್ಪತ್ತರ ಹತ್ತಿರ ಬೆಳೆದು ಒಂದು ಇಡೀ ಬದಿಯನ್ನೇ ನುಂಗಿದೆ. ಅದರಲ್ಲಿ ಸ್ವಲ್ಪ ಬೋರ್ ಕೂಡ ಹೊಡೆಸ್ತಾರೆ, ನಿಜ ಹೇಳಬೇಕು.

ಜಪಾನಿನ ನೆನಪಿನ ಕಾಣಿಕೆ 1972ರ ಡಿಸೆಂಬರ್‌ನಲ್ಲಿ ಬ್ರಿಟನ್ನಿಗೂ ಬಂತು, 1973ರಲ್ಲಿ ಅಮೆರಿಕಕ್ಕೂ ಹೋಯ್ತು, ಅವರ ದೊಡ್ಡ ಯಶಸ್ಸುಗಳಲ್ಲಿ ಒಂದಾಯ್ತು. ಅಷ್ಟರಲ್ಲಿ ತಂಡದೊಳಗೆ ಮಾತು ಕೆಟ್ಟಿತ್ತು. 1973ರ ಜೂನ್ 29ಕ್ಕೆ ಗಿಲನ್ ಆ ತಂಡದ ಜೊತೆ ಕೊನೇ ಕಾರ್ಯಕ್ರಮ ಕೊಟ್ಟು ಹೊರಟುಹೋದ, ಮತ್ತೆ ಸೇರೋಕೆ 1984 ಬರಬೇಕಾಯ್ತು. ಆ ಕೊನೇ ಕಾರ್ಯಕ್ರಮ ಎಲ್ಲಿ ಗೊತ್ತಾ? ಅದೇ ಒಸಾಕಾ.

ಆದರೆ ನನ್ನ ಪಟ್ಟಿಯಲ್ಲಿ ಮೊದಲನೇ ಜಾಗ ಪರ್ಪಲ್‌ಗಲ್ಲ (ಮಾವ ಇದನ್ನು ಓದಿದರೆ ಮಾತು ಬಿಡ್ತಾರೆ). ಅದು ಆಲ್ಮನ್ ಬ್ರದರ್ಸ್ ಬ್ಯಾಂಡಿನ 'ಆಟ್ ಫಿಲ್ಮೋರ್ ಈಸ್ಟ್'ಗೆ. ಅಮೆರಿಕದ ದಕ್ಷಿಣದ, ಜಾರ್ಜಿಯಾದ ಮೇಕನ್ ಊರಲ್ಲಿ ಬೀಡು ಬಿಟ್ಟಿದ್ದ ಆರು ಹುಡುಗರು. ಅಣ್ಣ ಡ್ವೇನ್ ಆಲ್ಮನ್ ಗಿಟಾರು, ತಮ್ಮ ಗ್ರೆಗ್ ಆರ್ಗನ್ನು ಮತ್ತು ಹಾಡು, ಡಿಕಿ ಬೆಟ್ಸ್ ಇನ್ನೊಂದು ಗಿಟಾರು, ಬೆರಿ ಓಕ್ಲಿ ಬೇಸು, ಮೇಲೆ ಇಬ್ಬರು ಡ್ರಮ್ಮರುಗಳು. ಎರಡು ಸ್ಟುಡಿಯೋ ಆಲ್ಬಂ ಮಾಡಿದ್ದರು, ಎರಡೂ ಅಷ್ಟಾಗಿ ಓಡಿರಲಿಲ್ಲ. ಇವರು ವೇದಿಕೆ ಮೇಲೆ ಮಾಡೋದು ಸ್ಟುಡಿಯೋದಲ್ಲಿ ಸಿಗ್ತಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಮೂರನೇದು ಲೈವ್ ಅಂತ ತೀರ್ಮಾನವಾಯ್ತು. ಜಾಗ, ನ್ಯೂಯಾರ್ಕಿನಲ್ಲಿ ಬಿಲ್ ಗ್ರಹಾಂ ನಡೆಸ್ತಿದ್ದ ಫಿಲ್ಮೋರ್ ಈಸ್ಟ್. ಆಲ್ಬಮ್ಮಿಗೆ ಬಳಸಿದ್ದು 1971ರ ಮಾರ್ಚ್ 12 ಮತ್ತು 13ರ ಪ್ರದರ್ಶನಗಳು.

ಇಲ್ಲೊಬ್ಬ ಇಂಜಿನಿಯರ್ ಬರ್ತಾನೆ, ನಮ್ಮ ಜಾತಿಯವನು! ಟಾಮ್ ಡೌಡ್. ಹದಿಹರೆಯದಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮ್ಯಾನ್‌ಹಟನ್ ಪ್ರಾಜೆಕ್ಟಿನ ಕೆಲಸ ಮಾಡಿ, ಆಮೇಲೆ ಭೌತಶಾಸ್ತ್ರ ಬಿಟ್ಟು ಧ್ವನಿಮುದ್ರಣಕ್ಕೆ ಬಂದ ಮನುಷ್ಯ. ಹಾಲ್ ಹೊರಗೆ ನಿಂತಿದ್ದ ಟ್ರಕ್ಕಿನಲ್ಲಿ ಹದಿನಾರು ಟ್ರ್ಯಾಕಿನ ಯಂತ್ರದ ಮುಂದೆ ಕೂತಿದ್ದಾನೆ. ಮೊದಲ ಪ್ರದರ್ಶನದಲ್ಲಿ ನೋಡಿದರೆ ವೇದಿಕೆ ಮೇಲೆ ಹೇಳದೆ ಕೇಳದೆ ಸ್ಯಾಕ್ಸೋಫೋನಿನವರು ಬಂದು ನಿಂತಿದ್ದಾರೆ, ಶ್ರುತಿ ಸೇರ್ತಿಲ್ಲ. ಮುಗಿದ ಕೂಡಲೇ ಡೌಡ್ ಡ್ವೇನ್‌ನನ್ನು ಹಿಡಿದುಕೊಂಡು, ಅವರನ್ನು ಕಳಿಸಿಬಿಡು ಅಂತ ಪಟ್ಟುಹಿಡಿದ. ಇನ್ನೊಂದು ಪದ್ಧತಿ ನನಗೆ ತುಂಬಾ ಇಷ್ಟ. ರಾತ್ರಿ ಕಾರ್ಯಕ್ರಮ ಮುಗಿಸಿ ಎಲ್ಲರೂ ಅಟ್ಲಾಂಟಿಕ್ ಸ್ಟುಡಿಯೋಗೆ ಹೋಗಿ ಟೇಪು ಹಾಕಿಕೊಂಡು ಕೇಳ್ತಿದ್ದರು. ಇದು ಬಂದಿದೆ, ಇದು ಬಂದಿಲ್ಲ, ಬರದೇ ಇದ್ದದ್ದನ್ನು ನಾಳೆ ಮತ್ತೆ ನುಡಿಸೋಣ. ಸ್ಟುಡಿಯೋದಲ್ಲಿ ಕೂತು ತಿದ್ದೋದಲ್ಲ, ನಾಳೆ ಜನರ ಮುಂದೆ ಮತ್ತೆ ನುಡಿಸೋದು. ನಮ್ಮ ಆಫೀಸಿನ ಕೋಡ್ ರಿವ್ಯೂ ಹೀಗಿದ್ದಿದ್ದರೆ ನಾನೂ ಉತ್ಸಾಹದಿಂದ ಹೋಗ್ತಿದ್ದೆನೇನೋ.

'ವಿಪಿಂಗ್ ಪೋಸ್ಟ್' ಬಗ್ಗೆ ಹೇಳದೆ ಮುಂದೆ ಹೋಗೋಕಾಗಲ್ಲ. 1969ರ ಸ್ಟುಡಿಯೋ ಆವೃತ್ತಿ ಐದು ನಿಮಿಷ ಚಿಲ್ಲರೆ. ಇಲ್ಲಿ ಇಪ್ಪತ್ತಮೂರು. ಶುರುವಿನಲ್ಲಿ ಬೇಸ್ ಗಿಟಾರು ಒಂದೇ ಬರುತ್ತೆ. ಕೈಯಲ್ಲಿ ತಾಳ ಹಾಕಿ ನೋಡಿ, ಮೂರು, ಮೂರು, ಮೂರು, ಎರಡು. ಹನ್ನೊಂದು! ಬರೆದ ಗ್ರೆಗ್‌ಗೇ ಅದು ಹನ್ನೊಂದರ ಲೆಕ್ಕ ಅಂತ ಗೊತ್ತಿರಲಿಲ್ಲವಂತೆ, ಮೂರು ಸಲ ಮೂರು, ಆಮೇಲೆ ವಾಪಸ್ ಹಾರೋಕೆ ಒಂದು ಎರಡು ಅಂದುಕೊಂಡಿದ್ದನಂತೆ. ಅಣ್ಣ ಹೇಳಿದ ಮೇಲೇ ತಿಳಿದದ್ದು. ಹಾಡಿನ ನಡುವೆ ಒಂದು ಜಾಗ ಬರುತ್ತೆ. ತಾಳ ಕರಗಿಹೋಗುತ್ತೆ, ಎಲ್ಲರೂ ಹೆಚ್ಚುಕಮ್ಮಿ ನಿಂತೇಬಿಡ್ತಾರೆ, ಮುಂದೇನು ಅಂತ ಯಾರಿಗೂ ಗೊತ್ತಿಲ್ಲ. ಒಬ್ಬ ಒಂದು ಸ್ವರ ಇಡ್ತಾನೆ, ಇನ್ನೊಬ್ಬ ಅದನ್ನು ಕೇಳಿಸಿಕೊಳ್ತಾನೆ... ಕೇಳಿಸಿಕೊಳ್ಳೋದು ನಮಗೆ ಕೇಳಿಸುತ್ತೆ! ನಮ್ಮ ಕಚೇರಿಗಳಲ್ಲಿ ಮನೋಧರ್ಮ ಅಂತೀವಲ್ಲ, ಅದೇ. ಒಳ್ಳೇ ಲೈವ್ ಆಲ್ಬಂ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಆ ಜಾಗ ಹಾಕಿ ತೋರಿಸ್ತೀನಿ. ನುಡಿಸ್ತಿರೋರಿಗೂ ಮುಂದಿನ ಸೆಕೆಂಡು ಗೊತ್ತಿಲ್ಲ, ಬಿದ್ದರೆ ಎಲ್ಲರೆದುರೇ ಬೀಳಬೇಕು.

ಕತ್ತರಿ ಆಡಿಲ್ಲ ಅಂತಲ್ಲ. 'ಯೂ ಡೋಂಟ್ ಲವ್ ಮಿ' ಎರಡು ಪ್ರದರ್ಶನಗಳ ತುಂಡು ಸೇರಿಸಿದ್ದು. ಕವರ್ ಚಿತ್ರದಲ್ಲಿ ಪೆಟ್ಟಿಗೆಗಳ ಮುಂದೆ ಕೂತು ಎಲ್ಲರೂ ಬಿದ್ದುಬಿದ್ದು ನಗ್ತಿದ್ದಾರಲ್ಲ, ಅದು ಫಿಲ್ಮೋರ್ ಈಸ್ಟೇ ಅಲ್ಲ, ಮೇಕನ್ನಿನ ಒಂದು ಓಣಿ. ಇಂಥ ಸುಳ್ಳು ನನಗೇನೂ ಚುಚ್ಚಲ್ಲ.

ಆಲ್ಬಂ 1971ರ ಜುಲೈನಲ್ಲಿ ಹೊರಬಂತು. ಅಷ್ಟರಲ್ಲಿ ಫಿಲ್ಮೋರ್ ಈಸ್ಟ್ ಬಾಗಿಲು ಹಾಕಿತ್ತು. ಜೂನ್ 27ರ ಕೊನೇ ರಾತ್ರಿ ಕಟ್ಟಕಡೆಗೆ ನುಡಿಸಿದ್ದೂ ಇವರೇ. ಅಂತೂ ಈ ಆಲ್ಬಂ ಓಡಿತು, ಅಕ್ಟೋಬರ್‌ನಲ್ಲಿ ಗೋಲ್ಡ್ ಆಯ್ತು. ಅದೇ ಅಕ್ಟೋಬರ್ 29ಕ್ಕೆ ಮೇಕನ್ನಿನಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ಡ್ವೇನ್ ಸತ್ತ. ವಯಸ್ಸು 24. ಮುಂದಿನ ವರ್ಷ ನವೆಂಬರ್‌ನಲ್ಲಿ, ಅಲ್ಲೇ ಹತ್ತಿರದಲ್ಲಿ, ಅದೇ ರೀತಿ ಬೆರಿ ಓಕ್ಲಿ. ಅವನಿಗೂ 24. ಗ್ರೆಗ್ 2017ರಲ್ಲಿ ಹೋದ, ಬೆಟ್ಸ್ 2024ರ ಏಪ್ರಿಲ್‌ನಲ್ಲಿ. ನೆಗಡಿ ಮಾತ್ರೆಯ ಖಾಲಿ ಗಾಜಿನ ಬಾಟಲಿಯನ್ನು ಬೆರಳಿಗೆ ಹಾಕಿಕೊಂಡು ತಂತಿ ಮೇಲೆ ಜಾರಿಸ್ತಿದ್ದ ಆ ಹುಡುಗ ನನಗಿಂತ ಚಿಕ್ಕವನು ಅನ್ನೋದು ಇತ್ತೀಚೆಗೆ ಕೇಳುವಾಗ ನೆನಪಾಗಿ ಒಂಥರಾ ಆಗುತ್ತೆ.

ಇನ್ನು ಮೋಸದ ವಿಚಾರ. 1975ರ 'ಅಲೈವ್!' ಕಿಸ್ ತಂಡದ್ದು. ಹಾಸ್ಟೆಲಿನಲ್ಲಿ ಅದನ್ನು ಎಷ್ಟು ಸಲ ಹಾಕಿದ್ದೀವೋ ಲೆಕ್ಕವಿಲ್ಲ. ಮುಳುಗ್ತಿದ್ದ ರೆಕಾರ್ಡ್ ಕಂಪನಿಯನ್ನೇ ಮೇಲೆತ್ತಿದ ಆಲ್ಬಂ ಅದು. ಆಮೇಲೆ ಗೊತ್ತಾಯ್ತು, ನಿರ್ಮಾಪಕ ಎಡ್ಡಿ ಕ್ರೇಮರ್ ಸ್ಟುಡಿಯೋದಲ್ಲಿ ಬಹಳಷ್ಟನ್ನು ಮತ್ತೆ ನುಡಿಸಿ, ಹಾಡಿಸಿ ಸೇರಿಸಿದ್ದಾನೆ, ಜನರ ಗದ್ದಲವನ್ನೂ ಕೈಯಾರೆ ಜೋಡಿಸಿದ್ದಾನೆ ಅಂತ. ಬೆಂಕಿ ಉಗುಳ್ತಾ ಕುಣಿಯೋರ ಬೆರಳು ತಪ್ಪದೆ ಇರುತ್ತಾ, ಸರಿಯೇ. ಆದರೂ ನನಗೆ ಅವತ್ತು ಮೋಸಹೋದಂಗಾಯ್ತು.

ಇದಕ್ಕೆ ತದ್ವಿರುದ್ಧ ದಿ ಹೂ ತಂಡದ 'ಲೈವ್ ಆಟ್ ಲೀಡ್ಸ್'. ಅಮೆರಿಕ ಪ್ರವಾಸದ ಗಂಟೆಗಟ್ಟಲೆ ಟೇಪುಗಳನ್ನು ಕೂತು ಕೇಳೋ ತಾಳ್ಮೆಯಿಲ್ಲದೆ ಪೀಟ್ ಟೌನ್ಶೆಂಡ್ ಅವನ್ನೆಲ್ಲ ಸುಡಿಸಿಬಿಟ್ಟ (ಈ ಹುಚ್ಚುತನಕ್ಕಾಗಿ ಆಮೇಲೆ ಪಶ್ಚಾತ್ತಾಪಪಟ್ಟ ಕೂಡ). ಬದಲಿಗೆ 1970ರ ಫೆಬ್ರವರಿ 14ಕ್ಕೆ ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲ್‌ನಲ್ಲಿ, ಮಾರನೇ ದಿನ ಹಲ್ ಊರಿನಲ್ಲಿ, ಎರಡು ಕಾರ್ಯಕ್ರಮ ರೆಕಾರ್ಡ್ ಮಾಡಿಸಿದರು. ಹಲ್‌ನ ಟೇಪಿನಲ್ಲಿ ಮೊದಲ ನಾಲ್ಕು ಹಾಡಿಗೆ ಬೇಸೇ ಕೂತಿರಲಿಲ್ಲ, ಹಾಗಾಗಿ ಲೀಡ್ಸ್ ಗೆದ್ದಿತು. ಆ ಟೇಪಿನಲ್ಲೂ ಚಟಪಟ ಸದ್ದು. ತೆಗೆಯೋಕೆ ಹೋಗದೆ, ಈ ಸದ್ದು ಇರೋದೇ, ಸರಿಪಡಿಸಬೇಡಿ ಅಂತ ತಟ್ಟೆಯ ಲೇಬಲ್ ಮೇಲೇ ಬರೆದರು. ಕಳ್ಳ ರೆಕಾರ್ಡಿನ ಥರ ಸಾದಾ ಕಂದು ರಟ್ಟು, ಮೇಲೊಂದು ಸೀಲು. ತಮಾಷೆ ಏನಂದರೆ 2010ರಲ್ಲಿ ಹಲ್ ಕಾರ್ಯಕ್ರಮವನ್ನೂ ಹೊರತಂದರು, ಇಲ್ಲದ ಬೇಸಿಗೆ ಲೀಡ್ಸಿನ ಬೇಸನ್ನೇ ಕಂಪ್ಯೂಟರಿನಲ್ಲಿ ತಂದು ಹೊಂದಿಸಿ! ಶನಿವಾರದ ಬೇಸು, ಭಾನುವಾರದ ಗಿಟಾರು. ಮಾವನ ಪ್ರಕಾರ ಇದು ಘೋರ ಅಪರಾಧ. ನನಗೆ ಹಾಗನ್ನಿಸಲಿಲ್ಲ. ಅವರು ಹಾಗೆ ಮಾಡಬಹುದಾಗಿದ್ದು ಮೂಲ ಟೇಪುಗಳು ನಲವತ್ತು ವರ್ಷ ಜೋಪಾನವಾಗಿ ಉಳಿದಿದ್ದರಿಂದ.

ಟೇಪು ಉಳಿದರೆ ಏನೆಲ್ಲ ಉಳಿಯುತ್ತೆ ಅನ್ನೋದಕ್ಕೆ ಬಾಬ್ ಡಿಲನ್‌ನ 1966ರ ರಾತ್ರಿಯೊಂದಿದೆ. ಮೇ 17, ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್. ಜಾನಪದದ ಹುಡುಗ ಎಲೆಕ್ಟ್ರಿಕ್ ಗಿಟಾರು ಹಿಡಿದ ಅಂತ ಜನಕ್ಕೆ ಸಿಟ್ಟು. ಒಬ್ಬ ಕತ್ತಲಿನಿಂದ 'ಜೂಡಾಸ್' ಅಂತ ಕೂಗ್ತಾನೆ. ಡಿಲನ್ ಉತ್ತರ ಕೊಟ್ಟು, ಜೋರಾಗಿ ನುಡಿಸಿ ಅಂತ ಬ್ಯಾಂಡಿನವರಿಗೆ ಹೇಳಿ, ಮುಂದಿನ ಹಾಡಿಗೆ ನುಗ್ಗುತ್ತಾನೆ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ದು ಅನ್ನೋ ತಪ್ಪು ಹೆಸರಿನಲ್ಲೇ ಇದು ವರ್ಷಗಟ್ಟಲೆ ಕಳ್ಳಮಾರ್ಗದಲ್ಲಿ ಓಡಾಡಿ, ಅಧಿಕೃತವಾಗಿ ಬಂದದ್ದು 1998ರಲ್ಲಿ. ಯಾರೋ ಜಾಣ ಇಂಜಿನಿಯರ್ ಗಲಾಟೆ ಅಂತ ಆ ಒಂದು ಕೂಗನ್ನು ಅಳಿಸಿಬಿಟ್ಟಿದ್ದರೆ?

ಈಗ ನನ್ನ ಕತೆ. ಕಾಲೇಜು ಫೆಸ್ಟು, ನಾವು ನಾಲ್ಕು ಜನ. ವೇದಿಕೆ ಮುಂದೆ ಸ್ಟೂಲಿನ ಮೇಲೆ ಒಂದು ಪುಟ್ಟ ರೆಕಾರ್ಡರ್ ಇಟ್ಟಿದ್ದೆ. ಮೂರನೇ ಹಾಡಿನ ಮಧ್ಯೆ ಕರೆಂಟ್ ಹೋಯ್ತು. ಗಿಟಾರು, ಬೇಸು, ಮೈಕು ಎಲ್ಲ ಸತ್ತವು, ಡ್ರಮ್ಸ್ ಒಂದು ನಿಲ್ಲಲಿಲ್ಲ. ಕತ್ತಲಲ್ಲಿ ಜನ ಚಪ್ಪಾಳೆಯಲ್ಲಿ ತಾಳ ಹಿಡಿದರು. ಜನರೇಟರ್ ಶುರುವಾಗೋಕೆ ನಲವತ್ತು ಸೆಕೆಂಡು. ವಾಪಸ್ ಬರುವಾಗ ನಾನು ತಪ್ಪು ಜಾಗದಲ್ಲಿ ಬಂದೆ.

ಹಾಸ್ಟೆಲ್ ರೂಮಿನಲ್ಲಿ ಎರಡು ರಾತ್ರಿ ಕೂತು ಅದನ್ನು 'ಸರಿ' ಮಾಡಿದೆ. ಆ ನಲವತ್ತು ಸೆಕೆಂಡು ಕತ್ತರಿಸಿದೆ, ನನ್ನ ಸೋಲೋ ಹೊಸದಾಗಿ ನುಡಿಸಿ ಅಂಟಿಸಿದೆ. ಎಲ್ಲಿ ಅಂಟಿಸಿದ್ದು ಅಂತ ಯಾರಿಗೂ ಗೊತ್ತಾಗಲಿಲ್ಲ, ನನಗೆ ಭಾರೀ ಹೆಮ್ಮೆ. ಲ್ಯಾಪ್‌ಟಾಪಿನಲ್ಲಿ ಜಾಗ ಇರಲಿಲ್ಲ, ಪ್ರಾಜೆಕ್ಟ್ ಫೈಲು ಕಾಪಿ ಮಾಡಬೇಕಿತ್ತು. ಒರಿಜಿನಲ್ ಅಳಿಸಿದೆ.

ಮೊನ್ನೆ ಫೋನ್ ಮಾಡಿದವನು ನಮ್ಮ ಬೇಸಿನವನು. "ಕರೆಂಟ್ ಹೋದಾಗ ನಮ್ಮಪ್ಪ ಮುಂದಿನ ಸಾಲಲ್ಲಿ ಎದ್ದುನಿಂತು ನನ್ನ ಹೆಸರು ಹಿಡಿದು 'ನಿಲ್ಲಿಸ್ಬೇಡ ಕಣೋ' ಅಂತ ಕೂಗಿದ್ರಲ್ಲ, ಅದು ಬೇಕಿತ್ತು" ಅಂದ. ಅವರಪ್ಪ ಊರಿಂದ ಬಸ್ಸು ಹಿಡಿದು ಬಂದಿದ್ದರು ಅವತ್ತು. ಹೋದ ವರ್ಷ ತೀರಿಕೊಂಡರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಹೋಗ್ಲಿ ಬಿಡೋ, ನೀನೇನು ಮಾಡ್ತೀಯ, ಆಗ ಗೊತ್ತಿತ್ತಾ" ಅಂದ.

ರೆಕಾರ್ಡರಿನ ಮೆಮೊರಿ ಕಾರ್ಡಿಗಾಗಿ ಮನೆಯೆಲ್ಲ ಹುಡುಕಿದೆ, ಸಿಗಲಿಲ್ಲ. ಹಳೇ ಗ್ರೂಪಿನಲ್ಲಿ ಕೇಳಿದ್ದಕ್ಕೆ, ಆಗ ಎರಡನೇ ವರ್ಷದಲ್ಲಿದ್ದ ಹುಡುಗಿಯೊಬ್ಬಳು ಮುಂದೆ ಕೂತು ಮೊಬೈಲಿನಲ್ಲಿ ವಿಡಿಯೋ ಮಾಡಿದ್ದಳು ಅಂತ ಒಬ್ಬರು ಹೇಳಿದ್ದಾರೆ. ಈಗ ಹುಬ್ಬಳ್ಳಿಯಲ್ಲಿದ್ದಾಳಂತೆ, ಆ ಫೋನು ಕೆಟ್ಟಿದೆ, ಆದರೆ ಎಸೆದಿಲ್ಲವಂತೆ. ಬರೋ ಶನಿವಾರ ಹೋಗಿಬರ್ತೀನಿ.