ಪೆಟ್ಟಿಗೆ ಮೇಷ್ಟ್ರ ಹೆಸರೇನು?

1/8
"ಚೇಂಬರ್ ಮ್ಯೂಸಿಕ್ಕಾ? ತುಮಕೂರಲ್ಲಾ? ಯಾರ್ ಬರ್ತಾರೆ ಗುರು?"

ನಮ್ಮ ಕಾಲೇಜಿನ ಈ ಸೆಮಿಸ್ಟರ್‌ನ ಕಛೇರಿ ಸರಣಿಗೆ ಪೋಸ್ಟರ್ ಅಂಟಿಸ್ತಿದ್ದಾಗ ಬೆನ್ನ ಹಿಂದೆ ಕೇಳಿದ ಮಾತು ಇದು. ಬೇಜಾರಾಗ್ಲಿಲ್ಲ. ಹೋದ ವರ್ಷ ಆಗಿದ್ರೆ ನಾನೇ ಹಾಗೆ ಕೇಳ್ತಿದ್ದೆ. ತಿಂಗಳಿಗೊಂದು ಸಂಜೆ, ಸೆಮಿನಾರ್ ಹಾಲ್‌ನಲ್ಲಿ ಐವತ್ತು ಕುರ್ಚಿ, ನುಡಿಸೋರು ಮೂರೋ ನಾಲ್ಕೋ ಜನ. ಡಿಜೆ ಇಲ್ಲ, ಲೈಟಿಂಗ್ ಇಲ್ಲ. ಇದು ಬೆಂಗಳೂರಿನವರಿಗೆ, ನಮಗಲ್ಲ ಅಂತ ಅನ್ಸೋದು ಸಹಜ.

ಆದ್ರೆ ಇದು ನಮ್ದಲ್ಲ ಅನ್ನೋ ಮಾತು ಮಾತ್ರ ನಿಜ ಅಲ್ಲ. ಯಾಕೆ ಅಂತ ಹೇಳ್ತೀನಿ. ಇಲ್ಲಿಂದ ಗುಬ್ಬಿಗೆ ಹೋಗ್ಬೇಕು. ಹೆಚ್ಚೂಕಮ್ಮಿ 20 ಕಿ.ಮೀ. ಅಷ್ಟೇ, ಬನ್ನಿ.

2/8
ಮೊದಲು ಈ ಹೆಸರಿನ ಭಯ ಬಿಡೋಣ. ಚೇಂಬರ್ ಅಂದ್ರೆ ಕೋಣೆ. ಚೇಂಬರ್ ಮ್ಯೂಸಿಕ್ ಅಂದ್ರೆ ಕೋಣೆಯಲ್ಲಿ ಕೂತು ನುಡಿಸೋ ಸಂಗೀತ. ಯೂರೋಪಿನಲ್ಲಿ ಹುಟ್ಟಿದ ಮಾತು. ದೊಡ್ಡ ಆರ್ಕೆಸ್ಟ್ರಾದಲ್ಲಿ ಒಂದೇ ಸಾಲನ್ನ ಹತ್ತಾರು ವಯೊಲಿನ್ ಒಟ್ಟಿಗೆ ನುಡಿಸುತ್ತವೆ, ಎದುರಿಗೆ ಕೋಲು ಹಿಡಿದು ಒಬ್ಬರು ನಿಂತಿರ್ತಾರೆ. ಇಲ್ಲಿ ಹಾಗಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಪಾಲು. ಕೋಲು ಹಿಡಿಯೋರು ಯಾರೂ ಇಲ್ಲ. ಒಬ್ಬರ ಮುಖ ಒಬ್ಬರು ನೋಡ್ಕೊಂಡು, ಒಬ್ಬರ ಉಸಿರು ಇನ್ನೊಬ್ಬರು ಕೇಳಿಸ್ಕೊಂಡು ನುಡಿಸ್ಬೇಕು. ಒಬ್ಬರು ತಪ್ಪಿದ್ರೆ ಅಡಗೋಕೆ ಜಾಗ ಇಲ್ಲ.

ಇದನ್ನ ಮನಸಲ್ಲಿ ಇಟ್ಕೊಳ್ಳಿ. ಈಗ ಗುಬ್ಬಿ.

3/8
1884. ಗುಬ್ಬಿಯಲ್ಲಿ ಚನ್ನಬಸವೇಶ್ವರ ಸ್ವಾಮಿಯ ಹೆಸರಲ್ಲಿ ಒಂದು ನಾಟಕ ಕಂಪನಿ ಶುರುವಾಯ್ತು. ಮುಂದೆ ಅದನ್ನ ಇಡೀ ದಕ್ಷಿಣ ಭಾರತಕ್ಕೆ ಪರಿಚಯ ಮಾಡಿಸಿದವರು ಗುಬ್ಬಿ ವೀರಣ್ಣನವರು (1891–1972). ನಮ್ಮೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದ ಮುಂದೆ ದಿನಾ ಬಸ್ಸಲ್ಲೋ ಬೈಕಲ್ಲೋ ಹೋಗ್ತೀವಲ್ಲ, ಅವರೇ. ರಾಜ್‌ಕುಮಾರ್ ಅವರು ಹುಡುಗನಾಗಿ ಬಣ್ಣ ಹಚ್ಚಿದ ಕಂಪನಿ ಇದು. 'ಕುರುಕ್ಷೇತ್ರ' ನಾಟಕಕ್ಕೆ ಆನೆ, ಕುದುರೆಗಳನ್ನೇ ಸ್ಟೇಜಿಗೆ ತಂದ ಕಂಪನಿ.

ಆನೆ ಎಲ್ಲರಿಗೂ ನೆನಪಿದೆ. ನಾನು ಹೇಳೋಕೆ ಹೊರಟಿರೋದು ಸ್ಟೇಜಿನ ಬುಡದಲ್ಲಿ ಕೂತಿದ್ದ ಎರಡು ಮೂರು ಜನದ ಬಗ್ಗೆ.

ಕಂಪನಿ ನಾಟಕ ಅಂದ್ರೆ ಮಾತಿಗಿಂತ ಹಾಡು ಜಾಸ್ತಿ. ಮೈಕ್ ಇಲ್ಲದ ಕಾಲ. ನಟ ಅಥವಾ ನಟಿ ಹಾಡಿದ್ದು ಕೊನೇ ಸಾಲಿನವರೆಗೂ ಕೇಳ್ಬೇಕು. ಕೆಳಗೆ ಕಾಲು ಹಾರ್ಮೋನಿಯಂ, ಪಕ್ಕದಲ್ಲಿ ತಬಲಾ. ಕಾಲಲ್ಲಿ ಗಾಳಿ ಒತ್ತೋದ್ರಿಂದ ನುಡಿಸೋಕೆ ಎರಡೂ ಕೈ ಖಾಲಿ. ಜನ ಅವರನ್ನ ಕರೀತಿದ್ದಿದ್ದು ಪೆಟ್ಟಿಗೆ ಮೇಷ್ಟ್ರು ಅಂತ.

ಮೇಷ್ಟ್ರ ಕಣ್ಣು ಪೆಟ್ಟಿಗೆ ಮೇಲೆ ಇರ್ತಿರ್ಲಿಲ್ಲ, ಹಾಡೋರ ಬಾಯಿ ಮೇಲೆ ಇರ್ತಿತ್ತು. ಆಲಾಪ ಎಳೆದ್ರೆ ಇವರೂ ಎಳೀಬೇಕು. ಜನ "ವನ್ಸ್ ಮೋರ್" ಅಂದ್ರೆ ಸತ್ತು ಬಿದ್ದ ಪಾತ್ರ ಕೂಡ ಎದ್ದು ಹಾಡೋದು, ಆಗ ತಬಲಾದವರು ಎಲ್ಲಿಂದ ಎತ್ಕೋಬೇಕು ಅನ್ನೋದು ಬರೀ ಕಣ್ಸನ್ನೆಯಲ್ಲೇ ತೀರ್ಮಾನ ಆಗ್ಬೇಕು.

ಕೆಲವೇ ವಾದ್ಯ, ಮುಖ ನೋಡ್ಕೊಂಡು ನುಡಿಸೋದು, ಕೋಲು ಹಿಡಿಯೋರಿಲ್ಲ. ಕೋಣೆಯ ಬದಲು ಡೇರೆ, ಅಷ್ಟೇ ವ್ಯತ್ಯಾಸ. ಸೀಸನ್ನೂ ಇತ್ತು: ಒಂದೂರಲ್ಲಿ ತಿಂಗಳುಗಟ್ಟಲೆ ಕ್ಯಾಂಪ್, ಕಲೆಕ್ಷನ್ ಇಳಿದ್ರೆ ಮುಂದಿನ ಊರು.

4/8
"ಹಾರ್ಮೋನಿಯಂ ನಮ್ಮ ವಾದ್ಯ, ಪಿಯಾನೋ ಪರದೇಶದ್ದು" ಅಂತೀರಾ? ಹಾರ್ಮೋನಿಯಂಗೆ 1840ರಲ್ಲಿ ಪೇಟೆಂಟ್ ಸಿಕ್ಕಿದ್ದು ಪ್ಯಾರಿಸ್‌ನಲ್ಲಿ, ಅಲೆಕ್ಸಾಂಡರ್ ದೆಬೆ ಅನ್ನೋರಿಗೆ. ಆಮೇಲೆ ಕೋಲ್ಕತ್ತದ ದ್ವಾರಕಾನಾಥ ಘೋಷ್ ಅದನ್ನ ನೆಲದ ಮೇಲೆ ಕೂತು ನುಡಿಸೋ ಹಾಗೆ ಕೈ ಹಾರ್ಮೋನಿಯಂ ಮಾಡಿದ್ರು. ವಯೊಲಿನ್ ಕೂಡ ಹೊರಗಿಂದ ಬಂದಿದ್ದೇ. ಇವತ್ತು ವಯೊಲಿನ್ ಇಲ್ಲದ ಕರ್ನಾಟಕ ಸಂಗೀತ ಕಛೇರಿ ಊಹಿಸ್ಕೊಳ್ಳಿ ನೋಡೋಣ.

ಕಂಪನಿಗಳ ಮಟ್ಟುಗಳೂ ಹಾಗೇ. ಕರ್ನಾಟಕ ರಾಗ, ಹಿಂದೂಸ್ತಾನಿ ಠೇಕಾ, ಮರಾಠಿ ನಾಟ್ಯಗೀತೆ, ಪಾರ್ಸಿ ನಾಟಕದ ಧಾಟಿ, ಎಲ್ಲಾ ಸೇರಿ ಒಂದು ಹೊಸ ರುಚಿ. ಆ ಕಾಲಕ್ಕೆ ಅದೇ 'ಕಂಟೆಂಪರರಿ'. ಈಗ ನಾವು ಅದನ್ನ ಹಳೇದು ಅಂತೀವಿ.

5/8
ಈಗ ನಂಗೆ ತುಂಬಾ ಕಾಡಿದ ಭಾಗ.

ತುಮಕೂರು, ಗುಬ್ಬಿ, ಕುಣಿಗಲ್ ಎಲ್ಲಾ ಆಗ ಮೈಸೂರು ಸಂಸ್ಥಾನದಲ್ಲಿದ್ದವು. 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರ್ ಪಿಯಾನೋ ಕಲಿತವರು. ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು. ನಿಕೊಲಾಯ್ ಮೆಟ್ನರ್ ಅಂತ ರಷ್ಯಾದ ಒಬ್ಬ ಸಂಗೀತಕಾರ ದೇಶ ಬಿಟ್ಟು ಲಂಡನ್‌ನಲ್ಲಿದ್ದರು. ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು. 1940ರ ದಶಕದ ಕೊನೆಯಲ್ಲಿ ನಮ್ಮ ಮಹಾರಾಜರು ದುಡ್ಡು ಕೊಟ್ಟು, ಅವರ ಪಿಯಾನೋ ರಚನೆ, ಹಾಡುಗಳನ್ನ ಅವರ ಕೈಯಿಂದಲೇ ನುಡಿಸಿ ರೆಕಾರ್ಡ್ ಮಾಡಿಸಿದ್ರು. ಮೆಟ್ನರ್ 1951ರಲ್ಲಿ ತೀರಿಹೋದ್ರು. ಆ ಬೆರಳುಗಳ ಸದ್ದು ಉಳಿದಿದೆ. ನೀವು ಈಗಲೇ ಹುಡುಕಿ ಕೇಳಬಹುದು.

ಅದೇ ಸಂಸ್ಥಾನದ ಡೇರೆಗಳಲ್ಲಿ, ಅದೇ ವರ್ಷಗಳಲ್ಲಿ, ಬೆಳಗಿನ ಜಾವದವರೆಗೂ ನುಡಿಸಿದ ಪೆಟ್ಟಿಗೆ ಮೇಷ್ಟ್ರ ಬೆರಳಿನ ಸದ್ದು? ಗ್ರಾಮಫೋನ್ ಪ್ಲೇಟು ಇತ್ತು, ನಿಜ. ಆದ್ರೆ ಒಂದು ಮಗ್ಗುಲಿಗೆ ಹಿಡೀತಿದ್ದಿದ್ದು ಸುಮಾರು ಮೂರು ನಿಮಿಷ. ವನ್ಸ್ ಮೋರ್ ಮೇಲೆ ವನ್ಸ್ ಮೋರ್ ಆಗಿ ಬೆಳೆದ ಹಾಡು ಅದರಲ್ಲಿ ಹಿಡಿಸುತ್ತಾ? ರೇಡಿಯೋ ಇತ್ತು, ಅದೂ ನಿಜ. ಆದ್ರೆ 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ಬಹಿಷ್ಕಾರ. ಅದರ ಸ್ವರಗಳು ಮೊದಲೇ ಕೂರಿಸಿಟ್ಟವು, ಗಮಕ ಬರಲ್ಲ, ನಮ್ಮ ಸಂಗೀತಕ್ಕೆ ಹೊಂದಲ್ಲ ಅನ್ನೋದು ವಾದ. ವಾದದಲ್ಲಿ ಹುರುಳಿರಬಹುದು. ಆದ್ರೆ ಪೆಟ್ಟಿಗೆಯನ್ನೇ ಬಾಗಿಲ ಹೊರಗೆ ನಿಲ್ಲಿಸಿದ್ರೆ ರಂಗಗೀತೆ ಒಳಗೆ ಹೋಗೋದು ಹೇಗೆ?

6/8
ನಮ್ಮಜ್ಜಿ ಗುಬ್ಬಿ ಕಡೆಯವರು. ಚಿಕ್ಕವರಿದ್ದಾಗ ಎತ್ತಿನ ಗಾಡಿ ಕಟ್ಕೊಂಡು ಕಂಪನಿ ನಾಟಕಕ್ಕೆ ಹೋಗ್ತಿದ್ರಂತೆ. ರಾಣಿ ಪಾತ್ರದ ಸೀರೆ ಬಣ್ಣ ಇನ್ನೂ ನೆನಪಿದೆ. ಮಟ್ಟು ಈಗಲೂ ಗುನುಗ್ತಾರೆ, ಒಂದು ಸ್ವರ ಆಚೀಚೆ ಆಗಲ್ಲ.

"ಅಜ್ಜಿ, ಪೆಟ್ಟಿಗೆ ನುಡಿಸ್ತಿದ್ದೋರ ಹೆಸರೇನು?" ಅಂತ ಕೇಳ್ದೆ.

"ಪೆಟ್ಟಿಗೆ ಮೇಷ್ಟ್ರು ಕಣ್ ಮಗ."

"ಅದಲ್ಲ ಅಜ್ಜಿ, ಹೆಸರು?"

ಸ್ವಲ್ಪ ಹೊತ್ತು ಯೋಚನೆ ಮಾಡಿದ್ರು. "ಪೆಟ್ಟಿಗೆ ಮೇಷ್ಟ್ರು ಅಂದ್ರೆ ಪೆಟ್ಟಿಗೆ ಮೇಷ್ಟ್ರೇ. ಹೆಸರು ಯಾರ್ ಕೇಳ್ತಿದ್ರು?"

ಅಜ್ಜಿಯ ತಪ್ಪೇನಿಲ್ಲ. ನಾವೇನು ಕಮ್ಮಿನಾ? ಇವತ್ತಿನ ಯಾವ ಪೋಸ್ಟರ್ ಬೇಕಾದ್ರೂ ನೋಡಿ. ಹಾಡೋರ ಫೋಟೋ ದೊಡ್ಡದು. ಕೆಳಗೆ ಸಣ್ಣಕ್ಷರದಲ್ಲಿ "ಮತ್ತು ತಂಡ". ಆ ತಂಡದಲ್ಲಿ ಯಾರಿದ್ರು ಅಂತ ಐವತ್ತು ವರ್ಷ ಬಿಟ್ಟು ನಮ್ಮ ಮೊಮ್ಮಕ್ಕಳು ಕೇಳಿದ್ರೆ ನಮ್ಮ ಹತ್ರಾನೂ ಉತ್ತರ ಇರಲ್ಲ.

7/8
ಹಾಗಂತ ಎಲ್ಲಾ ಕಳೆದುಹೋಯ್ತು ಅಂತ ಅಲ್ಲ. ಬಂಟ್ವಾಳದ ಕಡೆ ಮಂಚಿಯ ಹುಡುಗನೊಬ್ಬ ಮನೆ ಬಿಟ್ಟು ಬಂದು ಗುಬ್ಬಿ ಕಂಪನಿ ಸೇರಿದ. ವೀರಣ್ಣನವರೇ ಅವನನ್ನ ಓದೋಕೆ ಕಾಶಿಗೆ ಕಳಿಸಿದ್ರು. ಅವರೇ ಬಿ.ವಿ. ಕಾರಂತ (1929–2002). ಮುಂದೆ 'ಋಷ್ಯಶೃಂಗ', 'ಘಟಶ್ರಾದ್ಧ' ಸಿನಿಮಾಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ರಂಗಸಂಗೀತಕ್ಕೆ ದೊಡ್ಡ ವಾದ್ಯಗೋಷ್ಠಿನೇ ಬೇಕಿಲ್ಲ, ಮನುಷ್ಯನ ಗಂಟಲು, ಕೈಗೆ ಸಿಕ್ಕ ಸಾಮಾನು, ನಡುವಿನ ಮೌನ ಇಷ್ಟೇ ಸಾಕು ಅಂತ ತೋರಿಸಿದವರು. ಗುಬ್ಬಿಯ ಡೇರೆಯಿಂದ ಇವತ್ತಿನ ಹೊಸ ಸಂಗೀತಕ್ಕೆ ಹೋಗೋ ದಾರಿ ಇದು. ನಡುವೆ ಎಲ್ಲೂ ಕಡಿದಿಲ್ಲ.

ನಮ್ಮ ಸರಣಿಯ ಕೊನೇ ಸಂಜೆ ಅದೇ ದಾರಿಯಲ್ಲಿ ಒಂದು ಪ್ರಯತ್ನ. ಕುಣಿಗಲ್ ಕೆರೆಯ ಹಾಡು ಗೊತ್ತಲ್ಲ, ಸ್ಕೂಲ್ ಡೇಲಿ ಹಾಡಿರ್ತೀರ. ನಮ್ಮ ಜೂನಿಯರ್‌ಗಳು ಅದನ್ನ ಎರಡು ವಯೊಲಿನ್, ಒಂದು ಕೊಳಲು, ಒಂದು ಮಣ್ಣಿನ ಮಡಕೆಗೆ ಹೊಂದಿಸಿದ್ದಾರೆ. ಆ ಹಾಡು ಕಟ್ಟಿದವರ ಹೆಸರೂ ಯಾರಿಗೂ ಗೊತ್ತಿಲ್ಲ. ಜನಪದ ಅಂತ ಒಂದು ಪದ ಹಾಕಿ ಮುಂದೆ ಹೋಗ್ತೀವಿ. ಕೆರೆ ನೋಡಿ ಮನಸು ತುಂಬಿ ಹಾಡಿದ ಒಬ್ಬರು ಯಾರೋ ಇದ್ದೇ ಇದ್ರಲ್ವಾ?

8/8
ನಿಮ್ಮ ಹತ್ರ ಕೇಳೋದು ಮೂರೇ ಮೂರು.

ಒಂದು, ಬನ್ನಿ. ಅರ್ಥ ಆಗ್ಲೇಬೇಕು ಅಂತಿಲ್ಲ. ಮುಂದಿನ ಸಾಲಲ್ಲಿ ಕೂತು ನುಡಿಸೋರ ಕಣ್ಣು ನೋಡಿ, ಯಾರು ಯಾರಿಗೆ ಸನ್ನೆ ಮಾಡ್ತಾರೆ ಅಂತ. ಅಷ್ಟು ಗೊತ್ತಾದ್ರೆ ಅರ್ಧ ಸಂಗೀತ ಗೊತ್ತಾದ ಹಾಗೆ.

ಎರಡು, ರೆಕಾರ್ಡ್ ಮಾಡಿ. ಆದ್ರೆ ಮೂವತ್ತು ಸೆಕೆಂಡ್ ರೀಲ್ ಬೇಡ, ಒಂದು ರಚನೆ ಪೂರ್ತಿ. ಮೂರು ನಿಮಿಷದ ಪ್ಲೇಟಿನಲ್ಲಿ ಏನೇನು ಬಿಟ್ಟುಹೋಯ್ತು ಅಂತ ಈಗಷ್ಟೇ ಓದಿದ್ರಿ.

ಮೂರು, ಈ ಭಾನುವಾರ ಮನೇಲಿ ಹಿರಿಯರನ್ನ ಕೇಳಿ. ನಿಮ್ಮೂರಿಗೆ ಬಂದ ಕಂಪನಿಯಲ್ಲಿ ಪೆಟ್ಟಿಗೆ, ತಬಲಾ ನುಡಿಸಿದವರು ಯಾರು? ಒಂದು ಹೆಸರು ಸಿಕ್ಕಿದ್ರೂ ಊರಿನ ಹೆಸರು ಸೇರಿಸಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಕಛೇರಿಗೆ ಬರುವಾಗ ತನ್ನಿ, ಎಲ್ಲಾ ಒಟ್ಟಿಗೆ ಸೇರಿಸೋಣ.

ಅಂದ ಹಾಗೆ, ನಮ್ಮ ಪೋಸ್ಟರ್ ಇನ್ನೊಂದ್ಸಲ ನೋಡಿ. ಎಲ್ಲರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿದೆ. ಮಡಕೆ ನುಡಿಸೋ ಹುಡುಗಿಯದ್ದೂ.

#ಗುಬ್ಬಿ #ಕುಣಿಗಲ್ #ನಮ್ಮತುಮಕೂರು #ಪೆಟ್ಟಿಗೆಮೇಷ್ಟ್ರು