ಠಾಣೆಯಲ್ಲಿ ಆಡಿದ ಮಾತಿಗೆ ಸಾಕ್ಷ್ಯದ ಬೆಲೆ ಯಾಕಿಲ್ಲ?

ಆರೋಪಿ ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೆ ಆ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕೇಳಿಸಿಕೊಂಡವನು ಪೇದೆಯಾಗಲಿ, ಕಮಿಷನರ್ ಆಗಲಿ, ಅಷ್ಟೇ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಹಾಗೆ ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ನಿಯಮ 23ನೇ ಕಲಂ ಆಗಿ ಉಳಿದಿದೆ. ಆರೋಪಿ ಕೊಟ್ಟ ಸುಳಿವು ಹಿಡಿದು ಹೋದಾಗ ಮಾಲು ಸಿಕ್ಕರೆ ಅಷ್ಟು ಭಾಗಕ್ಕೆ ವಿನಾಯಿತಿ ಇದೆ. ಕೆಲವು ವಿಶೇಷ ಕಾನೂನುಗಳ ದಾರಿಯೂ ಬೇರೆ. ಉಳಿದಂತೆ, ಪೊಲೀಸ್ ಪಡೆಯನ್ನು ಕಟ್ಟಿದ ಸರ್ಕಾರವೇ ಅದನ್ನು ಪೂರ್ತಿ ನಂಬಿರಲಿಲ್ಲ.

ಈ ಅಪನಂಬಿಕೆಯ ಬೇರು ಮದ್ರಾಸ್ ಪ್ರಾಂತ್ಯದಲ್ಲಿದೆ. ಬಳ್ಳಾರಿ, ದಕ್ಷಿಣ ಕನ್ನಡ ಆಗ ಅದರೊಳಗೇ ಇದ್ದವು. ತಹಸೀಲ್ದಾರನ ಕೈಯಲ್ಲಿ ಕಂದಾಯ ವಸೂಲಿಯೂ ಇತ್ತು, ಪೊಲೀಸ್ ಅಧಿಕಾರವೂ ಇತ್ತು. ಕಿಸ್ತು ಬಾಕಿ ಉಳಿಸಿಕೊಂಡ ರೈತನ ಮನೆಗೂ ಕಳ್ಳನ ಮನೆಗೂ ಹೋಗುತ್ತಿದ್ದವರು ಅದೇ ಜವಾನರು. ‘ಕಿಟ್ಟಿ’ ಎಂಬ ಸಾಧನವನ್ನು ಇಬ್ಬರ ಮೇಲೂ ಪ್ರಯೋಗಿಸುತ್ತಿದ್ದರು: ಒಂದು ತುದಿಯಲ್ಲಿ ಕೂಡಿಸಿದ ಎರಡು ಮರದ ತುಂಡುಗಳು, ನಡುವೆ ಕೈಬೆರಳು, ಮೇಲಿಂದ ಒತ್ತು. ಸೊಂಟ ಬಗ್ಗಿಸಿ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವುದೂ ಇತ್ತು.

1854ರಲ್ಲಿ ಈ ವಿಷಯ ಬ್ರಿಟನ್ನಿನ ಸಂಸತ್ತಿನಲ್ಲಿ ಚರ್ಚೆಗೆ ಬಂತು. ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರ ಆಯೋಗ ನೇಮಕವಾಯಿತು. ದೂರು ಹೇಳಿಕೊಳ್ಳಲು ನೂರಾರು ಮೈಲಿಯಿಂದ ಬಂದ ಜನರಿದ್ದರು. 1855ರ ವರದಿ ಚಿತ್ರಹಿಂಸೆ ನಡೆಯುತ್ತಿದೆ ಎಂದು ಒಪ್ಪಿತು, ಕಂದಾಯದಿಂದ ಪೊಲೀಸ್ ಬೇರೆಯಾಗಬೇಕು ಎಂದಿತು. ಆದರೆ ತಪ್ಪನ್ನೆಲ್ಲ ದೇಶೀ ಸಿಬ್ಬಂದಿಯ ತಲೆಗೆ ಕಟ್ಟಿ ಬಿಳಿಯ ಅಧಿಕಾರಿಗಳನ್ನು ಪಾರು ಮಾಡಿತು. ಕಿಸ್ತು ಹೇಗಾದರೂ ಬರಲಿ ಎಂದು ಕಾಯುತ್ತಿದ್ದವರು ಯಾರು ಎಂಬ ಪ್ರಶ್ನೆಯನ್ನು ಅದು ಹೆಚ್ಚು ಕೆದಕಲಿಲ್ಲ.

ಅಷ್ಟರಲ್ಲಿ 1857 ಬಂತು. ದಂಗೆಯ ನಂತರ ಸರ್ಕಾರಕ್ಕೆ ಬೇಕಾಗಿದ್ದದ್ದು ಜನರನ್ನು ಹದ್ದುಬಸ್ತಿನಲ್ಲಿಡುವ ಪಡೆ. ಐರ್ಲೆಂಡಿನ ಸಶಸ್ತ್ರ ಪೊಲೀಸ್ ವ್ಯವಸ್ಥೆಯ ನೆರಳಿನಲ್ಲಿ 1861ರ ಪೊಲೀಸ್ ಕಾಯ್ದೆ ಬಂತು. ಲಾರ್ಡ್ ಕರ್ಜನ್ 1902ರಲ್ಲಿ ನೇಮಿಸಿದ ಫ್ರೇಸರ್ ಆಯೋಗ, ಈ ಪಡೆಯನ್ನು ಜನ ಭ್ರಷ್ಟ, ದಬ್ಬಾಳಿಕೆಯ ಪಡೆ ಎಂದೇ ತಿಳಿದಿದ್ದಾರೆ ಎಂದು ಬರೆಯಿತು. ಕಾಯ್ದೆ ಮಾತ್ರ ಸ್ವಾತಂತ್ರ್ಯದ ನಂತರವೂ ಉಳಿಯಿತು.

ಆಯೋಗಗಳ ಕಾಗದದಿಂದ ಆಗದ್ದನ್ನು ಬೀದಿಯ ಸಿಟ್ಟು ಮಾಡಿಸಿತು. 1978ರ ಮಾರ್ಚ್‌ನಲ್ಲಿ ಹೈದರಾಬಾದಿನ ನಲ್ಲಕುಂಟ ಠಾಣೆಯ ಪೊಲೀಸರ ಮೇಲೆ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರದ ಆರೋಪ ಬಂತು. ಅದನ್ನು ಪ್ರಶ್ನಿಸಿದ ಆಕೆಯ ಗಂಡ, ಒಬ್ಬ ರಿಕ್ಷಾವಾಲಾ, ಏಟು ತಿಂದು ಸತ್ತ. ಜನ ಶವವನ್ನು ಠಾಣೆಯ ಜಗಲಿಯ ಮೇಲೇ ಮಲಗಿಸಿದರು, ರಸ್ತೆ ತಡೆದರು, ಟೆಲಿಫೋನ್ ತಂತಿ ಕತ್ತರಿಸಿದರು. ನ್ಯಾಯಮೂರ್ತಿ ಮುಕ್ತದರ್ ಆಯೋಗ ಪೊಲೀಸರನ್ನೇ ತಪ್ಪಿತಸ್ಥರೆಂದಿತು. ಆಮೇಲೆ ಮೊಕದ್ದಮೆ ಕರ್ನಾಟಕದ ರಾಯಚೂರಿಗೆ ವರ್ಗವಾಯಿತು. 1981ರಲ್ಲಿ ಅಲ್ಲಿನ ಸೆಷನ್ಸ್ ಕೋರ್ಟು ಆರೋಪಿಗಳನ್ನು ಬಿಡುಗಡೆ ಮಾಡಿತು.

ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯಲ್ಲಿ 1972ರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ಮೊಕದ್ದಮೆಯೂ ಹೀಗೇ ಮುಗಿದಿತ್ತು. ಮೈಮೇಲೆ ಗಾಯದ ಗುರುತಿಲ್ಲ ಎಂಬುದನ್ನು ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟು 1978ರಲ್ಲಿ ಇಬ್ಬರು ಪೊಲೀಸರನ್ನು ಖುಲಾಸೆ ಮಾಡಿತು. ಮರುವರ್ಷ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ್ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ರಾತ್ರಿ ಹೊತ್ತು ಠಾಣೆಯೊಳಗೆ ಸಿಕ್ಕಿಬಿದ್ದ ಹುಡುಗಿ ಸುಮ್ಮನಿದ್ದರೆ ಅದನ್ನು ಒಪ್ಪಿಗೆ ಎನ್ನಬಹುದೇ ಎಂಬುದು ಅವರ ಪ್ರಶ್ನೆಯ ತಿರುಳು. 1980ರ ಮಾರ್ಚ್ 8ರಂದು ಹಲವು ನಗರಗಳಲ್ಲಿ ಮಹಿಳೆಯರು ಮೆರವಣಿಗೆ ಹೊರಟರು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಪೊಲೀಸ್ ವಶದಲ್ಲಿ ಸಂಭೋಗ ನಡೆದದ್ದು ಸಾಬೀತಾಗಿ, ತಾನು ಒಪ್ಪಿರಲಿಲ್ಲ ಎಂದು ಹೆಣ್ಣು ಹೇಳಿದರೆ ಕೋರ್ಟು ಆಕೆಯ ಮಾತನ್ನೇ ನಂಬಿ ಮುಂದುವರಿಯಬೇಕು ಎಂದಾಯಿತು. ಸಂತ್ರಸ್ತೆಯ ಹೆಸರು ಪ್ರಕಟಿಸುವುದೂ ಅಪರಾಧವಾಯಿತು.

ಪಡೆಯ ಒಳಗಿನಿಂದಲೂ ದನಿ ಎದ್ದಿತು. ಹಿಂದೆ ಮೈಸೂರಿನ ರಾಜ್ಯಪಾಲರಾಗಿದ್ದ ಧರ್ಮವೀರ ಅವರ ರಾಷ್ಟ್ರೀಯ ಪೊಲೀಸ್ ಆಯೋಗ 1979ರಿಂದ 1981ರವರೆಗೆ ಎಂಟು ವರದಿ ಕೊಟ್ಟಿತು. ಅವು ದೂಳು ತಿನ್ನುತ್ತಿದ್ದಾಗ ನಿವೃತ್ತ ಡಿಜಿಪಿ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ತೀರ್ಪು ಬರಲು ಹತ್ತು ವರ್ಷ ಹಿಡಿಯಿತು. ಮುಖ್ಯ ಅಧಿಕಾರಿಗಳಿಗೆ ಕನಿಷ್ಠ ಎರಡು ವರ್ಷದ ಅವಧಿ, ತನಿಖೆಗೂ ಬಂದೋಬಸ್ತಿಗೂ ಬೇರೆ ಬೇರೆ ಸಿಬ್ಬಂದಿ, ದೂರು ಪ್ರಾಧಿಕಾರ ಸೇರಿ ಏಳು ನಿರ್ದೇಶನ ಬಂದವು. ಕರ್ನಾಟಕ 2012ರಲ್ಲಿ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದೂರು ಪ್ರಾಧಿಕಾರಕ್ಕೆ ಜಾಗ ಮಾಡಿಕೊಟ್ಟಿತು.

2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಇಟ್ಟಿತು: ಪ್ರತಿ ಠಾಣೆಯ ಬಾಗಿಲು, ಲಾಕಪ್, ಓಣಿಗಳಲ್ಲಿ ಸಿಸಿಟಿವಿ ಇರಬೇಕು. ಐದು ವರ್ಷ ತುಂಬುವ ಮೊದಲೇ, 2025ರ ಸೆಪ್ಟೆಂಬರ್‌ನಲ್ಲಿ, ಲಾಕಪ್ ಸಾವುಗಳ ಕುರಿತ ಪತ್ರಿಕಾ ವರದಿ ನೋಡಿ ಅದೇ ಕೋರ್ಟು ಠಾಣೆಗಳಲ್ಲಿ ಕೆಲಸ ಮಾಡುವ ಕ್ಯಾಮೆರಾಗಳ ಕೊರತೆಯ ಬಗ್ಗೆ ಸ್ವಯಂಪ್ರೇರಿತ ಪ್ರಕರಣ ದಾಖಲಿಸಿಕೊಂಡಿತು.