ಚಿಗಟದ ಮದ್ದು ಹೋದ ದಾರಿ

ನಾಯಿಯ ಬಾಲದ ಬುಡದಲ್ಲಿ ಹೇನಿನ ಬಾಚಣಿಗೆ ಆಡಿಸಿದರೆ ಕೆಲವೊಮ್ಮೆ ಕಾಳುಮೆಣಸಿನ ಪುಡಿಯಂಥ ಕಪ್ಪು ಕಣಗಳು ಉದುರುತ್ತವೆ. ಅವನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಿ ಒಂದು ನಿಮಿಷ ಬಿಡಿ. ಕಣದ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಹಿಕ್ಕೆ ಎಂದರೂ ಅದು ನಾಯಿಯದೇ ಒಣಗಿದ ರಕ್ತ. ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡದೆ ನೇರ ಮದ್ದಿನಂಗಡಿಗೆ ಹೋಗುವವರೇ ಹೆಚ್ಚು. ನಾಯಿ ಕೆರೆದುಕೊಳ್ಳುವುದು ಉಣ್ಣೆಯಿಂದಲೂ ಇರಬಹುದು, ಹೇನಿನಿಂದಲೂ ಇರಬಹುದು, ಕಜ್ಜಿಯಿಂದಲೋ ತಿಂದ ಆಹಾರ ಒಗ್ಗದೆಯೋ ಇರಬಹುದು. ಕಾರಣ ತಿಳಿಯದೆ ಹಾಕಿದ ಮದ್ದು ಗುಣ ಕೊಡುವುದು ಅದೃಷ್ಟದ ಮಾತು. ಅದರ ಅಡ್ಡಪರಿಣಾಮಕ್ಕೆ ಮಾತ್ರ ಅದೃಷ್ಟ ಬೇಕಿಲ್ಲ.

ಚಿಗಟದ ಬದುಕಿನ ಲೆಕ್ಕ ಗೊತ್ತಿಲ್ಲದೆ ಮದ್ದಿನ ಕಥೆ ಅರ್ಥವಾಗುವುದಿಲ್ಲ. ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ಆ ಮೊಟ್ಟೆಗೆ ಅಂಟಿಲ್ಲ; ನಾಯಿ ಮೈ ಕೊಡವಿದಾಗ, ಮಲಗಿ ಎದ್ದಾಗ ಉದುರಿ ಹಾಸಿಗೆ, ಗೋಣಿಚೀಲ, ನೆಲದ ಸಂದು ಸೇರುತ್ತದೆ. ಅಲ್ಲಿ ಹೊರಬಂದ ಮರಿಹುಳು ಬೆಳಕಿಗೆ ಬೆನ್ನು ತಿರುಗಿಸಿ, ಮೇಲಿನಿಂದ ಉದುರುವ ಆ ಕಪ್ಪು ಹಿಕ್ಕೆಯನ್ನೇ ತಿಂದು ಬೆಳೆಯುತ್ತದೆ. ಆಮೇಲೆ ಗೂಡು ಕಟ್ಟಿಕೊಂಡು ಒಳಗೆ ಕೂರುತ್ತದೆ. ನಡೆದಾಟದ ಅದುರು, ಮೈಶಾಖ, ಉಸಿರು, ಇವುಗಳಲ್ಲಿ ಒಂದು ತಟ್ಟುವವರೆಗೆ ತಿಂಗಳುಗಟ್ಟಲೆ ಕಾಯಬಲ್ಲದು. ನಾಯಿಯ ಮೈಮೇಲೆ ನಮ್ಮ ಕಣ್ಣಿಗೆ ಬೀಳುವುದು ಒಟ್ಟು ಸಂತಾನದ ಸುಮಾರು ಶೇ. 5 ಮಾತ್ರ. ಉಳಿದ 95 ಮನೆಯಲ್ಲಿದೆ. ಮದ್ದು ಹಾಕಿ ಎರಡು ವಾರವಾದರೂ ಹೊಸ ಚಿಗಟ ಕಾಣುವುದಕ್ಕೆ ಎಷ್ಟೋ ಸಲ ಕಾರಣ ಮದ್ದಿನ ಸೋಲಲ್ಲ, ಆ ಗೂಡುಗಳು ಒಂದೊಂದಾಗಿ ಒಡೆಯುತ್ತಿರುವುದು. ಇದು ತಿಳಿಯದವರು ಎರಡನೆಯ ಮದ್ದು ಹಾಕುತ್ತಾರೆ, ಮೂರನೆಯದನ್ನೂ ಹಾಕುತ್ತಾರೆ. ಕಷ್ಟ ಶುರುವಾಗುವುದು ಅಲ್ಲಿಂದ.

ಮೊದಲ ಒಳ್ಳೆಯ ಮದ್ದು ಹೂವಿನಿಂದ ಬಂತು. ನಾವು ಮುಡಿಯುವ ಸೇವಂತಿಗೆಯ ಬಳಗದ, ಬಿಳಿ ಎಸಳಿನ ಪೈರೆಥ್ರಮ್ ಹೂವನ್ನು ಒಣಗಿಸಿ ಪುಡಿ ಮಾಡಿ 19ನೆಯ ಶತಮಾನದ ಯುರೋಪಿನಲ್ಲಿ ಮಾರುತ್ತಿದ್ದರು. ಡಾಲ್ಮೇಷಿಯಾದ ಕರಾವಳಿ ಅದರ ತವರು, ಮುಂದೆ ಕೀನ್ಯಾ ಅದರ ದೊಡ್ಡ ಬೆಳೆಗಾರ ದೇಶವಾಯಿತು. ಪುಡಿ ಕೀಟದ ನರವನ್ನು ಹಿಡಿಯುತ್ತಿತ್ತು, ಬಿಸಿಲು ಬಿದ್ದರೆ ಬೇಗ ಸತ್ವ ಕಳೆದುಕೊಳ್ಳುತ್ತಿತ್ತು. ವ್ಯಾಪಾರಿಗೆ ಅದು ಕೊರತೆಯಾಗಿ ಕಂಡಿತು. ನನಗೆ ಅದು ಆ ಹೂವಿನ ದೊಡ್ಡ ಗುಣವಾಗಿ ಕಾಣುತ್ತದೆ. ರಸಾಯನವಿಜ್ಞಾನಿಗಳಾದ ಸ್ಟಾಡಿಂಗರ್ ಮತ್ತು ರುಜಿಕಾ ಅದರ ರಾಸಾಯನಿಕ ರಚನೆಯ ಅಧ್ಯಯನವನ್ನು 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಆ ಸತ್ವದ ಕೃತಕ ರೂಪವಾದ ಅಲೆಥ್ರಿನ್ ತಯಾರಾಯಿತು. ನಮ್ಮ ಮನೆಗಳ ಸೊಳ್ಳೆ ಬತ್ತಿ, ಸೊಳ್ಳೆ ಮ್ಯಾಟುಗಳಿಗೆ ಬಂದದ್ದು ಇದೇ. 1973ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಮೈಕೆಲ್ ಎಲಿಯಟ್ ತಂಡ ಬಿಸಿಲಿಗೂ ಬಗ್ಗದ ಪರ್ಮೆಥ್ರಿನ್ ಅನ್ನು ಹೊರತಂದಿತು. ಬಾಳಿಕೆ ಬಂತು, ಅದರ ಹಿಂದೆಯೇ ಅಪಾಯವೂ ಬಂತು. ನಾಯಿಯ ಯಕೃತ್ತು ಪರ್ಮೆಥ್ರಿನ್ ಅನ್ನು ಕರಗಿಸಿ ಹೊರಹಾಕುತ್ತದೆ, ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ಬಹಳ ಕಡಿಮೆ. ನಾಯಿಗೆ ಹಾಕುವ ಗಟ್ಟಿ ಪರ್ಮೆಥ್ರಿನ್ ಹನಿಯನ್ನು ಬೆಕ್ಕಿಗೂ ಹಾಕಿದರೆ ಅದು ನಡುಗುತ್ತ, ಸೆಟೆಯುತ್ತ ಸಾಯಬಹುದು. ಆಗಷ್ಟೇ ಮದ್ದು ಹಚ್ಚಿಸಿಕೊಂಡ ನಾಯಿಯ ಮಗ್ಗುಲಲ್ಲಿ ಮಲಗಿ ಅದರ ಮೈ ನೆಕ್ಕುವ ಬೆಕ್ಕಿಗೂ ಇದೇ ಭಯ. ಎರಡನ್ನೂ ಸಾಕಿದ ಮನೆಯವರು ಈ ಒಂದು ಮಾತನ್ನು ಮರೆಯಬಾರದು.

ಡಿಡಿಟಿಯ ಕಾಲವನ್ನು ಬೇಗ ದಾಟಬಹುದು. 1939ರಲ್ಲಿ ರಸಾಯನವಿಜ್ಞಾನಿ ಪಾಲ್ ಮ್ಯೂಲರ್ ಅದರ ಕೀಟನಾಶಕ ಗುಣ ಕಂಡುಹಿಡಿದರು, 1948ರಲ್ಲಿ ನೊಬೆಲ್ ಬಂತು. ಮನುಷ್ಯರ ತಲೆಗೂ ನಾಯಿಯ ಮೈಗೂ ಅದನ್ನು ಹಿಟ್ಟಿನಂತೆ ಉದುರಿಸಿದರು. ಅದು ಹಿಂದೆ ಸರಿಯುವಾಗ ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪಿನ ಕೀಟನಾಶಕ ತುಂಬಿದ ಕೊರಳಪಟ್ಟಿಗಳು ಬಂದವು. ಕೊರಳಪಟ್ಟಿಯಿಂದ ವಿಷ ನಿಧಾನ ಜಿನುಗಿ ತುಪ್ಪಳಕ್ಕೆ ಹರಡುತ್ತದೆ. ಆದರೆ ತುಪ್ಪಳವನ್ನು ಮುಟ್ಟುವವರು ಯಾರು? ಶಾಲೆಯಿಂದ ಬಂದವರೇ ನಾಯಿಯ ಕೊರಳು ತಬ್ಬಿಕೊಂಡು, ಅದೇ ಕೈಯಲ್ಲಿ ತಿಂಡಿ ತಿನ್ನುವ ಮಕ್ಕಳು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮಕ್ಕಳ ಅಪಾಯವನ್ನು ಲೆಕ್ಕ ಹಾಕಿದ ಮೇಲೆ 2010ರಲ್ಲಿ ಕಾರ್ಬಮೇಟ್ ಗುಂಪಿನ ಕಾರ್ಬರಿಲ್ ಪಟ್ಟಿಗಳಿಗೆ ತೆರೆ ಬಿತ್ತು, 2014ರಲ್ಲಿ ಅದೇ ಗುಂಪಿನ ಪ್ರೊಪಾಕ್ಸರ್ ಪಟ್ಟಿಗಳನ್ನು ನಿಲ್ಲಿಸಲು ತಯಾರಕರು ಒಪ್ಪಿದರು. ಅಷ್ಟರಲ್ಲಿ ಹಲವು ದಶಕ ಕಳೆದಿತ್ತು.

ಆ ಕೊರಳಪಟ್ಟಿಗಳ ಕಾಲದಲ್ಲೇ, ಯಾರೂ ಹುಡುಕದ ಕಡೆಯಿಂದ ಬೇರೊಂದು ದಾರಿ ತೆರೆಯಿತು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಅದು. 1960ರ ದಶಕದ ನಡುವಿನಲ್ಲಿ ಕಾರೆಲ್ ಸ್ಲಾಮಾ ಎಂಬ ಕೀಟವಿಜ್ಞಾನಿ ಪ್ರಾಗ್‌ನಿಂದ ತನ್ನ ಕೆಂಪು ತಿಗಣೆಗಳ ಜೊತೆ ಹಾರ್ವರ್ಡ್‌ನ ಕ್ಯಾರೊಲ್ ವಿಲಿಯಮ್ಸ್ ಅವರ ಪ್ರಯೋಗಾಲಯಕ್ಕೆ ಬಂದ. ಊರಿನಲ್ಲಿ ಚೆನ್ನಾಗಿ ಬೆಳೆಯುತ್ತಿದ್ದ ತಿಗಣೆಗಳು ಅಲ್ಲಿ ಪ್ರಾಯಕ್ಕೇ ಬರಲಿಲ್ಲ. ಪೊರೆ ಕಳಚಿ ದೊಡ್ಡ ಮರಿಗಳಾದವೇ ಹೊರತು ವಯಸ್ಕ ಕೀಟಗಳಾಗಲಿಲ್ಲ. ಇಬ್ಬರೂ ಒಂದೊಂದೇ ಕಾರಣವನ್ನು ಕಳೆಯುತ್ತ ಹೋದರು. ಕೊನೆಗೆ ಉಳಿದದ್ದು ಪೆಟ್ಟಿಗೆಯಲ್ಲಿ ಹಾಸಿದ್ದ ಪೇಪರ್ ಟವೆಲ್. ಅಮೆರಿಕದ ಕಾಗದಕ್ಕೆ ಬಳಸುವ ಬಾಲ್ಸಮ್ ಫರ್ ಮರದಲ್ಲಿ ಕೀಟದ ಎಳೆತನವನ್ನು ಕಾಯುವ ಹಾರ್ಮೋನನ್ನು ಹೋಲುವ ವಸ್ತುವಿತ್ತು. ಅಮೆರಿಕದ ಪತ್ರಿಕೆಗಳ ಕಾಗದದಲ್ಲೂ ಅದು ಸಿಕ್ಕಿತು, ಯುರೋಪಿನ ಕಾಗದದಲ್ಲಿ ಸಿಗಲಿಲ್ಲ. 1967ರಲ್ಲಿ ವಿಲಿಯಮ್ಸ್ ಇಂಥ ಹಾರ್ಮೋನುಗಳನ್ನು ಮೂರನೆಯ ಪೀಳಿಗೆಯ ಕೀಟನಾಶಕ ಎಂದು ಕರೆದರು, 1975ರಲ್ಲಿ ಮೆಥೊಪ್ರೀನ್ ಬಳಕೆಗೆ ಬಂತು. ಅದು ಚಿಗಟದ ಮರಿಯನ್ನು ಪ್ರಾಯಕ್ಕೆ ಬರಗೊಡುವುದಿಲ್ಲ. ಆ ಹಾರ್ಮೋನು ನಾಯಿಗೂ ಇಲ್ಲ, ನಮಗೂ ಇಲ್ಲ. 1990ರ ದಶಕದಲ್ಲಿ ಬಂದ ಲುಫೆನ್ಯುರಾನ್ ಮಾತ್ರೆಯದೂ ಹೆಚ್ಚುಕಡಿಮೆ ಇದೇ ನಡೆ: ನಾಯಿಯ ರಕ್ತ ಕುಡಿದ ಚಿಗಟ ಸಾಯುವುದಿಲ್ಲ, ಅದರ ಸಂತಾನ ಬೆಳೆಯುವುದಿಲ್ಲ. ಮನೆಯಲ್ಲಿ ಅಡಗಿದ 95ರ ಕಡೆ ಮುಖ ಮಾಡಿದ ಮದ್ದುಗಳು ಇವೇ. ಆದರೆ ಕೊಂಡವರಿಗೆ ಕಣ್ಣೆದುರೇ ಚಿಗಟ ಸಾಯಬೇಕಿತ್ತು. ವಾರಗಟ್ಟಲೆ ಕಾಯುವ ಮದ್ದು ಹಿಂದೆ ಬಿತ್ತು.

1990ರ ದಶಕದ ನಡುವಿನಲ್ಲಿ ಹೆಗಲ ನಡುವೆ ಸುರಿಯುವ ಹನಿಗಳು ಬಂದವು, ಇಮಿಡಾಕ್ಲೋಪ್ರಿಡ್ ಮತ್ತು ಫಿಪ್ರೊನಿಲ್. ಸೀಸೆ ಒಡೆದು ಒಂದು ನಿಮಿಷದಲ್ಲಿ ಮುಗಿಯುವ ಕೆಲಸ. ಫಿಪ್ರೊನಿಲ್ ಚರ್ಮದ ಎಣ್ಣೆಗ್ರಂಥಿಗಳಲ್ಲಿ ಸೇರಿ ಒಂದು ತಿಂಗಳು ಮೈಗೆ ಹರಡುತ್ತದೆ. ಹಾಕಿದ ಜಾಗದಲ್ಲಿ ತುರಿಕೆ, ಕೂದಲುದುರುವುದು, ನೆಕ್ಕಿದರೆ ಜೊಲ್ಲು ಸುರಿಯುವುದು ಇವುಗಳ ಸಾಮಾನ್ಯ ಅಡ್ಡಪರಿಣಾಮಗಳು. ಮೊಲಕ್ಕಂತೂ ಫಿಪ್ರೊನಿಲ್ ಪ್ರಾಣಾಂತಕ. 2008ರ ಒಂದೇ ವರ್ಷದಲ್ಲಿ ಮೈಮೇಲೆ ಹಚ್ಚುವ ಇಂಥ ಮದ್ದುಗಳ ಬಗ್ಗೆ ಅಮೆರಿಕದಲ್ಲಿ 44 ಸಾವಿರಕ್ಕೂ ಹೆಚ್ಚು ದೂರುಗಳು ದಾಖಲಾದವು. ಹೆಚ್ಚಿನವು ಸಣ್ಣ ತೊಂದರೆಗಳು, ಸಾವುಗಳೂ ಇದ್ದವು. ಪರಿಶೀಲನೆಯಲ್ಲಿ ಎರಡು ಸಂಗತಿ ಎದ್ದು ಕಂಡವು: ಪುಟ್ಟ ತಳಿಯ ನಾಯಿಗಳಿಗೆ ಪೆಟ್ಟು ಹೆಚ್ಚು, ಮತ್ತು ನಾಯಿಯ ಮದ್ದನ್ನು ಬೆಕ್ಕಿಗೆ ಹಾಕಿದ ಪ್ರಕರಣಗಳು ಬಹಳ. ಮುಂದೆ ಇಮಿಡಾಕ್ಲೋಪ್ರಿಡ್ ಮತ್ತು ಫ್ಲುಮೆಥ್ರಿನ್ ಕೂಡಿದ, ಎಂಟು ತಿಂಗಳು ಬಾಳುವ ಕೊರಳಪಟ್ಟಿಯೂ ಇಂಥದೇ ಚರ್ಚೆಗೆ ಸಿಕ್ಕಿತು. ದೂರಿನ ಸಂಖ್ಯೆಯೇ ಪುರಾವೆಯಾಗದು. ಕೋಟಿಗಟ್ಟಲೆ ಮಾರಾಟವಾದ ವಸ್ತುವಿಗೆ ದೂರೂ ಹೆಚ್ಚಿರುತ್ತದೆ. 2023ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಆ ಪಟ್ಟಿಯನ್ನು ನಿಷೇಧಿಸದೆ, ಹೆಚ್ಚಿನ ಎಚ್ಚರಿಕೆ ಮತ್ತು ವರದಿಯ ಷರತ್ತು ಹಾಕಿ ಮುಂದುವರಿಸಿತು.

2013ರಿಂದ ವಿಷ ಹೆಚ್ಚುಹೆಚ್ಚಾಗಿ ಚರ್ಮವನ್ನು ಬಿಟ್ಟು ರಕ್ತಕ್ಕಿಳಿಯಿತು. ಅಫಾಕ್ಸೊಲಾನರ್, ಫ್ಲುರಲಾನರ್, ಸರೊಲಾನರ್, ಲೊಟಿಲಾನರ್ ಎಂಬ ಐಸೊಕ್ಸಜೊಲಿನ್ ಗುಂಪಿನ, ಮಾಂಸದ ರುಚಿಯ ಅಗಿಯುವ ಮಾತ್ರೆಗಳು ಐದು ವರ್ಷದೊಳಗೆ ಒಂದರ ಹಿಂದೊಂದು ಬಂದವು. ಚಿಗಟವನ್ನೂ ಉಣ್ಣೆಯನ್ನೂ ಒಟ್ಟಿಗೆ ಕೊಲ್ಲುತ್ತವೆ. ಉಣ್ಣೆಯಿಂದ ಹರಡುವ ಎರ್ಲಿಕಿಯೋಸಿಸ್, ಬೇಬಿಸಿಯೋಸಿಸ್ ಜ್ವರಗಳಲ್ಲಿ ನಾಯಿಗಳನ್ನು ಕಳೆದುಕೊಳ್ಳುವ ನಮ್ಮ ಊರುಗಳಿಗೆ ಇದು ದೊಡ್ಡ ಉಪಕಾರವೇ. ಆದರೆ 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ (ಎಫ್‌ಡಿಎ) ಎಚ್ಚರಿಕೆ ಹೊರಡಿಸಿತು: ಕೆಲವು ನಾಯಿಗಳಲ್ಲಿ ಸ್ನಾಯು ನಡುಕ, ತೂರಾಟ, ಫಿಟ್ಸ್ ಕಾಣಿಸಬಹುದು, ಹಿಂದೆ ಫಿಟ್ಸ್ ಬಾರದ ನಾಯಿಗೂ ಬರಬಹುದು. ಹೆಚ್ಚಿನ ನಾಯಿಗಳಿಗೆ ಮದ್ದು ಸುರಕ್ಷಿತ ಎಂದೂ ಅದೇ ಹೇಳಿಕೆ ಹೇಳಿತು. ಎರಡೂ ನಿಜ. ನನ್ನ ಅಳುಕು ಬೇರೆ ಕಡೆಗಿದೆ. ಹಚ್ಚಿದ್ದನ್ನು ಸೋಪು ಹಾಕಿ ತೊಳೆಯಬಹುದು, ಕೊರಳಪಟ್ಟಿಯನ್ನು ಕತ್ತರಿಸಿ ಎಸೆಯಬಹುದು. ಹನ್ನೆರಡು ವಾರ ಮೈಯಲ್ಲಿರುವ ಮಾತ್ರೆಯನ್ನು ನುಂಗಿದ ಮೇಲೆ ವಾಪಸು ತೆಗೆಯಲಾಗದು. ಆದ್ದರಿಂದ ನಾಯಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ಪಶುವೈದ್ಯರು ಕೇಳುವ ಮುಂಚೆಯೇ ಹೇಳಬೇಕು. ಮೊದಲ ಸಲವಾದರೆ ಒಂದು ತಿಂಗಳ ಮಾತ್ರೆಯಿಂದ ಶುರು ಮಾಡಲು ಕೇಳಬೇಕು.

ನಮ್ಮಲ್ಲಿ ಇನ್ನೂ ಹೆಚ್ಚು ನಡೆಯುವುದು ಐವರ್ಮೆಕ್ಟಿನ್ ಚುಚ್ಚುಮದ್ದು, ದನಕ್ಕೆ ತಂದ ಡೆಲ್ಟಾಮೆಥ್ರಿನ್, ಅಮಿಟ್ರಾಜ್ ಸ್ನಾನ. ಅಮಿಟ್ರಾಜ್ ಉಣ್ಣೆಗೆ ಮದ್ದು, ಚಿಗಟಕ್ಕಲ್ಲ. ಹೆಚ್ಚಾದರೆ ನಾಯಿ ಮಂಕಾಗಿ ಬೀಳುತ್ತದೆ, ಎದೆಬಡಿತ ನಿಧಾನವಾಗುತ್ತದೆ, ರಕ್ತದ ಸಕ್ಕರೆ ಏರುತ್ತದೆ. ಐವರ್ಮೆಕ್ಟಿನ್‌ನ ಅಪಾಯ ತಳಿಯನ್ನು ನೋಡಿ ಬರುತ್ತದೆ. ಕಾಲಿ, ಶೆಲ್ಟಿಗಳಂಥ ಕುರಿಕಾಯುವ ತಳಿಗಳ ಹಲವು ನಾಯಿಗಳಲ್ಲಿ ಮದ್ದನ್ನು ಮಿದುಳಿನಿಂದ ಹೊರದೂಡುವ ಕಾವಲಿನ ವಂಶವಾಹಿ ಕೆಟ್ಟಿರುತ್ತದೆ ಎಂದು 2001ರಿಂದೀಚೆಗೆ ತಿಳಿಯಿತು. ಬೇರೆ ನಾಯಿ ತಡೆಯುವ ಪ್ರಮಾಣ ಅವಕ್ಕೆ ಕುರುಡು, ಕೋಮಾ ತರಬಲ್ಲದು. ದನದ ಸೀಸೆಯಿಂದ ಅಂದಾಜಿನ ಮೇಲೆ ಎಳೆದ ಸಿರಿಂಜು ಯಾವ ತಳಿಗೂ ಒಳ್ಳೆಯದಲ್ಲ.

ಅಡ್ಡಪರಿಣಾಮ ನಾಯಿಯ ಮೈಗೇ ನಿಲ್ಲುವುದಿಲ್ಲ ಎಂದು ತೋರಿಸಿದ್ದು ಇಂಗ್ಲೆಂಡಿನ ನದಿಗಳು. ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 20 ನದಿಗಳ ನೀರಿನ ಮಾದರಿಗಳ ದಾಖಲೆ ನೋಡಿದಾಗ ಶೇ. 98ರಲ್ಲಿ ಫಿಪ್ರೊನಿಲ್, ಶೇ. 66ರಲ್ಲಿ ಇಮಿಡಾಕ್ಲೋಪ್ರಿಡ್ ಇತ್ತು. ಹೊಲದಲ್ಲಿ ಬಳಕೆ ಕೈಬಿಟ್ಟ ವಿಷ ನಾಯಿಯ ಸ್ನಾನದ ನೀರಿನಲ್ಲಿ, ತೊಳೆದ ಹಾಸಿಗೆಯಲ್ಲಿ ಚರಂಡಿ ಸೇರುತ್ತಿತ್ತು. 2025ರಲ್ಲಿ ಅದೇ ವಿಶ್ವವಿದ್ಯಾಲಯದವರು ಚೇಕಡಿ ಹಕ್ಕಿಗಳ 103 ಗೂಡುಗಳನ್ನು ಪರೀಕ್ಷಿಸಿದರು. ಉದುರಿದ ತುಪ್ಪಳವನ್ನು ಹಕ್ಕಿಗಳು ಮರಿಗಳಿಗೆ ಮೆತ್ತೆಯಾಗಿ ಹಾಸಿದ್ದವು. ಎಲ್ಲ ಗೂಡಿನಲ್ಲೂ ಫಿಪ್ರೊನಿಲ್ ಸಿಕ್ಕಿತು. ವಿಷ ಹೆಚ್ಚಿದ್ದ ಗೂಡುಗಳಲ್ಲಿ ಒಡೆಯದ ಮೊಟ್ಟೆ, ಸತ್ತ ಮರಿ ಹೆಚ್ಚು. ಮದ್ದು ಹಾಕಿದ ನಾಯಿಯನ್ನು ಮರುದಿನವೇ ಕೆರೆಗೆ ಇಳಿಸಬೇಡಿ, ಬಾಚಿ ತೆಗೆದ ಕೂದಲನ್ನು ತೋಟಕ್ಕೆ ಎಸೆಯಬೇಡಿ.

ಹಾಗಾದರೆ ಮನೆಮದ್ದೇ ಸಾಕೇ ಎಂದರೆ ಅಲ್ಲೂ ಎಚ್ಚರ ಬೇಕು. ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ಟೀ ಟ್ರೀ ಎಣ್ಣೆಯನ್ನು ನೇರ ಸವರಿದರೆ ನಾಯಿ ನಿತ್ರಾಣವಾಗುತ್ತದೆ, ನಡುಗುತ್ತದೆ. ಸೀತಾಫಲದ ಬೀಜದ ಪುಡಿ ಹೇನನ್ನು ಕೊಲ್ಲುವುದು ನಿಜ. ಕಣ್ಣಿಗೆ ಬಿದ್ದರೆ ಕಣ್ಣನ್ನೇ ಸುಡುತ್ತದೆ. ಸೀಮೆಎಣ್ಣೆ, ಫಿನಾಯಿಲ್ ಯಾವ ಕಾರಣಕ್ಕೂ ಬೇಡ. ಬೇವಿನಿಂದ ಚಿಗಟ ಸ್ವಲ್ಪ ದೂರ ಸರಿಯಬಹುದು, ತುಂಬಿದ ಮನೆಯನ್ನು ಅದೊಂದೇ ಖಾಲಿ ಮಾಡಲಾರದು.

ನಾನು ನಂಬುವ ಬದಲಿ ಯಾವ ಸೀಸೆಯಲ್ಲೂ ಇಲ್ಲ. 2007ರಲ್ಲಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದ ಚಿಗಟಗಳನ್ನು ಎಣಿಸಿದರು. ವಯಸ್ಕ ಚಿಗಟಗಳಲ್ಲಿ ಶೇ. 96 ಸತ್ತಿದ್ದವು, ಮರಿಹುಳು ಮತ್ತು ಗೂಡಿನ ಹಂತದವು ಪೂರ್ತಿ ಸತ್ತಿದ್ದವು. ವ್ಯಾಕ್ಯೂಮ್ ಇಲ್ಲದ ಮನೆಯಲ್ಲಿ ಪೊರಕೆ, ಬಿಸಿನೀರು ಮತ್ತು ಬಿಸಿಲಿವೆ. ಚಿಗಟದ ಮರಿಗೆ ತೇವ ಬೇಕು. ಒಣ ಬಿಸಿಲು ಅದರ ಶತ್ರು. ದಿನಾ ಬಾಚಣಿಗೆ ಆಡಿಸಿ, ಸಿಕ್ಕ ಚಿಗಟವನ್ನು ಸೋಪಿನ ನೀರಿಗೆ ಹಾಕಿ. ಜಗಲಿಯಲ್ಲಿ ನಾಯಿ ಮಲಗುವ ಗೋಣಿಚೀಲವನ್ನು ವಾರಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಿ ಅಂಗಳಕ್ಕೆ ಹಾಕಿ. ಮಳೆಗಾಲದಲ್ಲಿ ಬಿಸಿಲು ಸಿಗದಿದ್ದರೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ. ಹೀಗೆ ಒಂದು ತಿಂಗಳು ಮಾಡಿ, ಮತ್ತೆ ಒದ್ದೆ ಕಾಗದ ಹಿಡಿದು ಬಾಲದ ಬುಡವನ್ನು ಬಾಚಿ ನೋಡಿ. ಆಗಲೂ ಕಾಗದ ಕೆಂಪಾದರೆ ನಾಯಿಯ ತೂಕ, ವಯಸ್ಸು, ಹಿಂದಿನ ಕಾಯಿಲೆ ಬರೆದ ಚೀಟಿಯೊಂದಿಗೆ ಪಶುವೈದ್ಯರ ಬಳಿ ಹೋಗಿ.